ಸೆವ್‌ಜಿದಳ ಬಲಗೈ

ಆ ಕಣಿವೆಯಲ್ಲಿ ಕುರಿ ಕೆಡವುವುದು ಗಂಡಸಿನ ಕೆಲಸ, ಕರುಳು ತೊಳೆಯುವುದು ಹೆಂಗಸಿನ ಕೆಲಸ. ಹೀಗೆ ಪಾಲು ಮಾಡಿದವರು ಯಾರೋ ಗೊತ್ತಿಲ್ಲ. ಗಂಡಸೇ ಇರಬೇಕು, ಯಾಕೆಂದರೆ ಮೊದಲನೆಯದು ಕಣ್ಣು ಮಿಟುಕಿಸುವಷ್ಟರ ಕೆಲಸ, ಎರಡನೆಯದು ಅರ್ಧ ದಿನದ್ದು. ಸೆವ್‌ಜಿದ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೊಂಚಿಗನನ್ನು ಮದುವೆಯಾಗಿ ಬಂದವಳು ಅರವತ್ತೊಂದರವರೆಗೆ ಈ ಎರಡನೆಯ ಕೆಲಸ ಮಾಡಿದಳು. ಮಕ್ಕಳಾಗಲಿಲ್ಲ. ಇನ್ನೂರು ಕುರಿ, ಅರವತ್ತು ಮೇಕೆ, ಏಳು ಕುದುರೆ, ಒಂದು ಉಣ್ಣೆಯ ಗುಡಾರ, ಇಬ್ಬರು ಮನುಷ್ಯರು. ಅಷ್ಟೇ ಸಂಸಾರ.

ಅಲ್ಲಿ ಕುರಿಯ ಕತ್ತು ಕೊಯ್ಯುವುದಿಲ್ಲ. ರಕ್ತ ನೆಲಕ್ಕೆ ಬೀಳಬಾರದು. ಗೊಂಚಿಗ್ ಕುರಿಯನ್ನು ಅಂಗಾತ ಮಲಗಿಸಿ, ಎದೆಮೂಳೆಯ ಕೆಳಗೆ ನಾಲ್ಕು ಬೆರಳಗಲ ಸೀಳಿ, ಬಲಗೈ ಒಳಗೆ ಹಾಕುತ್ತಿದ್ದ. ಹೊಟ್ಟೆಗೂ ಎದೆಗೂ ನಡುವಿನ ತೆಳು ಪರದೆಯನ್ನು ತೂರಿ, ಬೆನ್ನುಮೂಳೆಗೆ ಅಂಟಿಕೊಂಡು ಇಳಿಯುವ ದೊಡ್ಡ ರಕ್ತನಾಳಕ್ಕೆ ತೋರುಬೆರಳು ಕೊಂಡಿ ಹಾಕಿ ಒಂದೇ ಸಲ ಜಗ್ಗಿದರೆ ಮುಗಿಯಿತು. ಕುರಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಅದರ ಕಣ್ಣು ಮಂಜಾಗಿರುತ್ತಿತ್ತು. ರಕ್ತವೆಲ್ಲ ಎದೆಗೂಡಿನೊಳಗೇ ನಿಲ್ಲುತ್ತಿತ್ತು. ಆಮೇಲೆ ಸೆವ್‌ಜಿದ್ ಸೌಟು ಹಿಡಿದು ಬಂದು ಅದನ್ನು ಪಾತ್ರೆಗೆ ತುಂಬಿಕೊಂಡು, ಹಿಟ್ಟು, ಈರುಳ್ಳಿ, ಉಪ್ಪು ಕಲಸಿ, ತೊಳೆದ ಕರುಳಿಗೆ ತುಂಬಿ ಬೇಯಿಸುತ್ತಿದ್ದಳು. ಗೊಂಚಿಗನ ಕೈ ಬಿದ್ದ ಕುರಿಯ ಮಾಂಸದಲ್ಲಿ ರಕ್ತದ ಕಲೆ ಇರುವುದಿಲ್ಲ ಎಂಬುದು ಸುತ್ತಲಿನ ಹತ್ತು ಗುಡಾರಗಳ ಮಾತು. ಅವನಿಗೆ ಈ ಹೊಗಳಿಕೆ ಇಷ್ಟ. ಹೊಗಳಿದವರಿಗೆ ಎರಡನೇ ಬಟ್ಟಲು ಚಹಾ ಕೊಡಿಸುತ್ತಿದ್ದ, ಕಾಯಿಸುವವಳು ಸೆವ್‌ಜಿದ್ ತಾನೆ!

ಹೀಗೆ ನಲವತ್ತೆರಡು ವರ್ಷ ತೊಳೆದೂ ತೊಳೆದೂ ಅವಳಿಗೆ ಗುಂಡಿಗೆ ಎಂಬುದು ತನ್ನ ಅಡುಗೆ ಸಾಮಾನಿನಷ್ಟು ಪರಿಚಯ. ಒಳಗೆ ನಾಲ್ಕು ಕೋಣೆ. ಮೇಲಿನ ಎರಡು ತೆಳ್ಳಗೆ, ಕಿವಿಯ ಹಾಗೆ ಜೋತುಬಿದ್ದವು. ಕೆಳಗಿನ ಎರಡರಲ್ಲಿ ಬಲಗಡೆಯದರ ಗೋಡೆ ತೆಳು, ಎಡಗಡೆಯದು ಹೆಬ್ಬೆರಳ ದಪ್ಪ. ಕೋಣೆಯಿಂದ ಕೋಣೆಗೆ ತೆಳು ಬಾಗಿಲು, ಬಾಗಿಲು ಹಿಂದಕ್ಕೆ ಮಗುಚದಂತೆ ಹಿಡಿದ ಬಿಳಿ ದಾರಗಳು. ಅವುಗಳ ನಡುವೆ ಹೆಪ್ಪುಗಟ್ಟಿದ ರಕ್ತವನ್ನು ಕಿರುಬೆರಳಿಂದ ತೆಗೆಯಬೇಕು. ಎಡಗಡೆ ಗೋಡೆ ಮಾತ್ರ ಯಾಕೆ ಅಷ್ಟು ದಪ್ಪ ಎಂದು ಒಮ್ಮೆ ಗಂಡನನ್ನು ಕೇಳಿದ್ದಳು. "ಬೇಯೋಕೆ ಹೊತ್ತು ಹಿಡೀಲಿ ಅಂತ" ಅಂದಿದ್ದ ಅವನು.

ಸರಿಯಾದ ಉತ್ತರ ಸಿಕ್ಕಿದ್ದು ಗೊಂಚಿಗನ ಕಾಲು ಊದಿಕೊಂಡ ವರ್ಷ. ಬೂಟು ಹತ್ತದಾಯಿತು, ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಗುಡಾರದಿಂದ ಗುಡಾರಕ್ಕೆ ಮೋಟಾರ್ ಸೈಕಲ್ಲಿನಲ್ಲಿ ತಿರುಗುವ ಸರ್ಕಾರಿ ವೈದ್ಯೆ ನಂದಿನ್ ಬಂದಳು. ಇಪ್ಪತ್ತಾರರ ಹುಡುಗಿ, ಕೆನ್ನೆ ಚಳಿಗೆ ಒಡೆದಿತ್ತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಸೆವ್‌ಜಿದ್ ತನ್ನ ಹಳೆಯ ಪ್ರಶ್ನೆಯನ್ನು ಅವಳ ಮುಂದಿಟ್ಟಳು.

"ಬಲಗಡೆ ಕೋಣೆಗೆ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ರಕ್ತ ಕಳಿಸಿದ್ರೆ ಸಾಕು ಅಜ್ಜಿ. ಅಲ್ಲಿ ಗಾಳಿ ತುಂಬ್ಕೊಂಡು ಎಡಗಡೆಗೆ ವಾಪಸ್ ಬರುತ್ತೆ. ಎಡಗಡೇದು ಅದನ್ನ ಕಿವಿತುದಿಯಿಂದ ಗೊರಸಿನ ತನಕ ತಳ್ಳಬೇಕಲ್ಲ, ಅದಕ್ಕೇ ಅಷ್ಟು ದಪ್ಪ."

"ಪಕ್ಕದ ಗುಡಾರಕ್ಕೆ ಹೋಗೋನಿಗೂ ದೇಶ ಸುತ್ತೋನಿಗೂ ಒಂದೇ ಬೂಟು ಸಾಲಲ್ಲ ಅನ್ನು," ಎಂದಳು ಸೆವ್‌ಜಿದ್. ಅವಳಿಗೆ ಬಹಳ ಖುಷಿಯಾಯಿತು. "ಸರಿ, ಕಾಲಿಗೆ ಇಳಿದಿದ್ದು ಮೇಲಕ್ಕೆ ಹೇಗೆ ಹತ್ತುತ್ತೆ? ನೀರಾದ್ರೂ ಇಳಿಜಾರಿಗೇ ತಾನೇ ಹೋಗೋದು?"

"ವಾಪಸ್ ಬರೋ ದಾರೀಲೂ ಸಣ್ಣ ಸಣ್ಣ ಬಾಗಿಲಿದಾವೆ. ಮೇಲಕ್ಕೆ ಬಿಡ್ತವೆ, ಕೆಳಕ್ಕೆ ಬಿಡಲ್ಲ. ನಾವು ನಡೆದಾಗ ಮೀನಖಂಡ ಹಿಂಡಿ ಹಿಂಡಿ ಮೇಲಕ್ಕೆ ಕಳಿಸುತ್ತೆ."

"ಅಂದ್ರೆ ನಾನು ಕುದುರೆ ಮೇಲೆ ಕೂತೇ ಕೆಟ್ಟೆ," ಅಂದ ಗೊಂಚಿಗ್, ಹಾಸಿಗೆಗೆ ಒರಗಿಕೊಂಡೇ.

"ಅದಲ್ಲ ಅಜ್ಜ. ನಿಮ್ಮ ಗುಂಡಿಗೆ ಸೋತಿದೆ. ಪೂರ್ತಿ ತಳ್ಳೋಕಾಗ್ತಿಲ್ಲ. ಬರೋ ರಕ್ತ ಬಾಗಿಲಲ್ಲೇ ಕಾದು ನಿಲ್ಲುತ್ತೆ. ಅದಕ್ಕೇ ನೀರು ಕಾಲಲ್ಲಿ ಒಸರೋದು."

ಗೊಂಚಿಗ್ ತನ್ನ ಬಲಗೈಯನ್ನು ಕಣ್ಣ ಮುಂದೆ ಹಿಡಿದು ತಿರುಗಿಸಿ ನೋಡಿದ. "ಎಷ್ಟು ಸಾವಿರ ಗುಂಡಿಗೆ ಪಕ್ಕದಲ್ಲೇ ಹಾದು ಹೋಗಿದೆ ಈ ಕೈ. ಒಂದಾದ್ರೂ 'ನಿಂದೂ ಸೋಲ್ತಾ ಇದೆ ಕಣೋ' ಅಂತ ಹೇಳ್ಬಾರದಿತ್ತಾ!" ಅಂದ. ಮೂವರೂ ನಕ್ಕರು. ನಂದಿನ್ ಮೊದಲು ನಗು ನಿಲ್ಲಿಸಿದಳು.

ಮಾತ್ರೆ ಕೊಟ್ಟಳು, ಊತ ಇಳಿಯಿತು, ಮತ್ತೆ ಏರಿತು. ಮಾರ್ಚಿನಲ್ಲಿ, ಮರಿ ಹಾಕುವ ಕಾಲ ಶುರುವಾದ ವಾರ, ಒಂದು ಬೆಳಿಗ್ಗೆ ಗೊಂಚಿಗ್ ಚಹಾ ಕೇಳಿದ. ಬಟ್ಟಲಿಗೆ ಬಗ್ಗಿಸಿಕೊಂಡು ಅವಳು ತಿರುಗುವಷ್ಟರಲ್ಲಿ ಅವನು ಇರಲಿಲ್ಲ.

ಗಂಡ ಸತ್ತವಳ ದುಃಖದ ಬಗ್ಗೆ ಎಲ್ಲರೂ ಹೇಳುತ್ತಾರೆ. ಗಂಡ ಸತ್ತವಳ ಮಾಂಸದ ಬಗ್ಗೆ ಯಾರೂ ಹೇಳುವುದಿಲ್ಲ. ಇನ್ನೂರು ಕುರಿ ಬಾಗಿಲಲ್ಲಿ ಮೇಯುತ್ತಿವೆ, ಪಾತ್ರೆಯಲ್ಲಿ ಬರೀ ಹಿಟ್ಟಿನ ಗಂಜಿ. ಹೆಂಗಸು ಕೈ ಹಾಕಿ ಕೆಡವಿದರೆ ಹಿಂಡಿನ ಏಳಿಗೆ ಹೋಗುತ್ತದೆ ಎಂದು ಅಲ್ಲಿ ಹಿರಿಯರ ಮಾತು. ಸೆವ್‌ಜಿದ್ ಅದನ್ನು ನಂಬಿದ್ದಳೋ ಇಲ್ಲವೋ, ಮೀರಿರಲಿಲ್ಲ. ಹಾಗಾಗಿ ದಾರಿಯಲ್ಲಿ ಗಂಡಸು ಕಂಡರೆ ಹಿಡಿಯುವುದೇ ಅವಳ ಉದ್ಯೋಗವಾಯಿತು. ದೂಳು ಎದ್ದದ್ದು ಕಂಡೊಡನೆ ಕುದುರೆ ಹತ್ತಿ ಹೋಗಿ ಅಡ್ಡ ನಿಲ್ಲುತ್ತಿದ್ದಳು. "ಬಾರಪ್ಪ, ಚಹಾ ಕುಡಿ. ಹಾಗೇ ಒಂದು ಕುರಿ ಕೆಡವಿಕೊಟ್ಟು ಹೋಗು." ಲಾರಿಯವನು ಒಬ್ಬ, ಉಣ್ಣೆ ಕೊಳ್ಳುವವನು ಒಬ್ಬ, ಕಳೆದ ಒಂಟೆ ಹುಡುಕಿಕೊಂಡು ಬಂದವನು ಇನ್ನೊಬ್ಬ. ಕೆಡವಿದರು, ಎರಡು ಬಟ್ಟಲು ಕುಡಿದರು, ಹೋದರು. ಅವಳಿಗೆ ಬೇಕಾದದ್ದು ಬರೀ ಕುರಿ ಕೆಡವುವುದಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಮೂರನೆಯ ಬಟ್ಟಲು ಸುರಿಯಲು ಹೋದರೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅವರು ಹೋದ ಮೇಲೆ ರೇಡಿಯೋದಲ್ಲಿ ಹವಾಮಾನ ಓದುವವನ ಜೊತೆ ವಾದ ಮಾಡುತ್ತಿದ್ದಳು. ಅವನು ಬಿಸಿಲು ಅಂದರೆ ಇವಳು ಗಾಳಿ ಅನ್ನುತ್ತಿದ್ದಳು, ಬಹಳ ಸಲ ಗೆಲ್ಲುತ್ತಿದ್ದಳು ಕೂಡ.

ಒಮ್ಮೆ ಪಟ್ಟಣದಿಂದ ಚರ್ಮದ ಜಾಕೆಟ್ಟು ಹಾಕಿಕೊಂಡು ವಿಮೆ ಮಾಡಿಸುವವನು ಬಂದಿದ್ದ. ಇಲ್ಲ ಎನ್ನಲು ಅವನಿಗೆ ನಾಚಿಕೆ. ಜಾಕೆಟ್ಟು ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ, ಕಳೆದುಹೋದ ಸೂಜಿ ಹುಡುಕುವವನ ಹಾಗೆ ಹುಡುಕತೊಡಗಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೆವ್‌ಜಿದ್ ದೊಡ್ಡಿಯ ಆಚೆಯಿಂದ ಕೂಗಿದಳು:

"ಬೆನ್ನುಮೂಳೆ ಪಕ್ಕ! ಎಡಕ್ಕೆ! ನಿನ್ನ ಎಡ ಅಲ್ಲ ಕಣಪ್ಪ, ಕುರಿಯ ಎಡ!"

"ಈ ಕುರೀಲೇ ಏನೋ ಐಬಿದೆ ಅಜ್ಜಿ. ಅಂಥ ನಾಳ ಯಾವ್ದೂ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ನಾಳ ಇಲ್ದೇ ಇರೋ ಕುರಿ ಬೆಳಗಿಂದ ಮೇಯ್ತಾ ಇತ್ತಾ?" ಎಂದು ಗದರಿದಳು ಸೆವ್‌ಜಿದ್. ಕೊನೆಗೂ ಅದು ಸತ್ತಿತು, ನಾಳ ಸಿಕ್ಕಿ ಸತ್ತಿತೋ ಬೇಸತ್ತು ಸತ್ತಿತೋ ಹೇಳಲಾಗದು. ಮಾಂಸದ ತುಂಬ ರಕ್ತ. ಅವನು ಕೈ ತೊಳೆದುಕೊಳ್ಳುತ್ತಾ, ಸಿಟ್ಟಿನಿಂದ ಅಂದ: "ಇಷ್ಟೆಲ್ಲ ಗೊತ್ತಿರೋರು ನೀವೇ ಕೈ ಹಾಕ್ಬಹುದಿತ್ತಲ್ಲ!"

ಬೇಸಿಗೆಯಲ್ಲಿ ಗೊಂಚಿಗನ ತಮ್ಮ ಶಾರವ್ ಬಂದು ಹಿಂಡಿನ ಸಮೇತ ಅವಳನ್ನು ತನ್ನ ಬಿಡಾರಕ್ಕೆ ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯ, ಒರಟು ಬಾಯಿ. ಅವನ ಹೆಂಡತಿ ಯಂಜ್ಮಾ, ಮಕ್ಕಳು, ಸೊಸೆ ಎಲ್ಲ ಸೇರಿ ಎಂಟು ಜನ. ಅವಳಿಗೆ ಹಿರಿಯರು ಕೂರುವ ಮೇಲಿನ ಜಾಗ ಕೊಟ್ಟರು, ಕೊಬ್ಬಿರುವ ತುಂಡು ಕೊಟ್ಟರು. "ಅತ್ತಿಗೆಗೆ ಚಹಾ ಕೊಡು" ಎಂದು ಶಾರವ್ ಹೆಂಡತಿಗೆ ಹೇಳುತ್ತಿದ್ದ. "ಅಕ್ಕಂಗೆ ಚಳಿಯಾಗ್ತಿರಬೇಕು, ಕಂಬಳಿ ಹೊದಿಸು" ಎಂದು ಯಂಜ್ಮಾ ಸೊಸೆಗೆ ಹೇಳುತ್ತಿದ್ದಳು. ಎಲ್ಲರೂ ಅವಳ ವಿಷಯ ಮಾತಾಡಿದರು, ಅವಳ ಜೊತೆ ಯಾರೂ ಮಾತಾಡಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ತಾನೂ ಗುಡಾರದ ಕಂಬಗಳಲ್ಲಿ ಒಂದು ಎಂದು ಅವಳಿಗೆ ಅನ್ನಿಸತೊಡಗಿತು. ಒಬ್ಬಳೇ ಇದ್ದಾಗ ಇಷ್ಟು ಒಂಟಿ ಎನ್ನಿಸಿರಲಿಲ್ಲ. ಹಿಂಡು ಹೊಡೆದುಕೊಂಡು ವಾಪಸು ಬಂದುಬಿಟ್ಟಳು.

ಶಾರವನಿಗೆ ಇದು ಅವಮಾನ. ಹುಲ್ಲು ಹಳದಿಯಾದ ಮೇಲೆ ಬಂದು, ಕೂರುವ ಮೊದಲೇ ಶುರುಮಾಡಿದ.

"ನೋಡಿ ಅತ್ತಿಗೆ, ಚಳಿಗಾಲ ಇಲ್ಲಿ ಬೇಡ. ಒಂದು ಕುರಿ ಕೆಡವೋಕೆ ಕೈ ಇಲ್ಲದ ಮನೆ ಮನೆಯೇ ಅಲ್ಲ. ನೀವು ರಸ್ತೇಲಿ ಲಾರಿ ಹಿಡಿಯೋದು, ಜನ ನಮ್ಮನ್ನ ಕೇಳೋದು... ಮೊನ್ನೆ ಒಬ್ಬ ಅಂದ, ನಿಮ್ಮತ್ತಿಗೆ ಕಣಿವೇಲಿ ಸುಂಕದಕಟ್ಟೆ ಇಟ್ಟಿದಾಳೆ ಅಂತ!"

"ಸುಂಕ ಕೊಟ್ಟೋರಿಗೆ ಚಹಾನೂ ಕೊಟ್ಟಿದೀನಿ ಅಂತ ಹೇಳ್ಬೇಕಿತ್ತು."

"ತಮಾಷೆ ಸಾಕು. ಚಳಿಗಾಲದ ಮಾಂಸಕ್ಕೆ ನಾನೇ ಬಂದು ಕೆಡವಿಕೊಡ್ತೀನಿ. ಅದಕ್ಕೂ ಮೊದಲು ಕುರಿ ಕೆಡವೋಕೆ ಇನ್ನೊಬ್ಬರ ಕೈ ಕಾಯೋ ಪರಿಸ್ಥಿತಿ ಒಂದೇ ಒಂದು ಸಲ ಬಂತೋ, ಹೇಳಲ್ಲ ಕೇಳಲ್ಲ, ಬಂದು ಗುಡಾರ ಬಿಚ್ತೀನಿ."

"ಬಿಚ್ಚು," ಎಂದಳು ಸೆವ್‌ಜಿದ್. ಮಾತು ಆಗಿಹೋಯಿತು.

ನವೆಂಬರಿನ ಮೊದಲ ಮಂಜು ಗಟ್ಟಿಯಾದ ವಾರ, ಒರತೆಯ ಹತ್ತಿರ ಬೀಜ ಒಡೆದ ಕೊಬ್ಬಿದ ಟಗರೊಂದು ಜಾರಿ ಬಿತ್ತು. ಅವಳು ಹೋಗಿ ನೋಡುವಾಗ ಹಿಂಗಾಲಿನ ಮೂಳೆ ಚರ್ಮ ತೂರಿ ಹೊರಗೆ ಬಂದಿತ್ತು. ಜಾರುಬಂಡಿಯ ಮೇಲೆ ಎಳೆದು ದೊಡ್ಡಿಯ ಪಕ್ಕಕ್ಕೆ ತಂದಳು. ಅದು ಹಲ್ಲು ಕಡಿಯುತ್ತಿತ್ತು. ನೋವಾದರೆ ಕುರಿ ಅರಚುವುದಿಲ್ಲ, ಹಲ್ಲು ಕಡಿಯುತ್ತದೆ. ಆ ಸದ್ದು ಗುಡಾರದೊಳಗೂ ಕೇಳುತ್ತಿತ್ತು.

ಫೋನು ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಏದುಸಿರು ಬಿಡುತ್ತಾ ಹತ್ತಿ ಶಾರವನಿಗೆ ಹೇಳಿದಳು.

"ಇಲ್ಲಿ ಕಣಿವೆ ಬಾಯೆಲ್ಲ ಹಿಮ ಮುಚ್ಚಿದೆ ಅತ್ತಿಗೆ. ನಾಡಿದ್ದು ಬರ್ತೀನಿ. ಬರುವಾಗ ಒಂಟೆ ತರ್ತೀನಿ, ಹಗ್ಗಾನೂ ತರ್ತೀನಿ. ಅರ್ಥ ಆಯ್ತಲ್ಲ?"

"ಟಗರು ನಾಡಿದ್ದರ ತನಕ ಇರಲ್ಲ."

"ಇಲ್ದಿದ್ರೆ ಬಿಡಿ, ನಾಯಿಗಾಯ್ತು."

ತಾನಾಗಿ ಸತ್ತದ್ದನ್ನು ಅಲ್ಲಿ ಯಾರೂ ತಿನ್ನುವುದಿಲ್ಲ. ಆದರೆ ಅವಳ ಕಿವಿಯಲ್ಲಿದ್ದದ್ದು ಮಾಂಸದ ಲೆಕ್ಕವಲ್ಲ, ಆ ಹಲ್ಲು ಕಡಿಯುವ ಸದ್ದು. ಕೆಳಗಿಳಿಯುತ್ತಾ ಎರಡು ದಿಕ್ಕಿಗೂ ನೋಡಿದಳು. ಎಲ್ಲೂ ದೂಳಿಲ್ಲ, ಹೊಗೆಯಿಲ್ಲ. ಗುಡಾರಕ್ಕೆ ಹೋಗಿ ಗೊಂಚಿಗನ ಸಣ್ಣ ಚಾಕು ತೆಗೆದುಕೊಂಡಳು. ಬಲಗೈಯ ಅಂಗಿತೋಳನ್ನು ಭುಜದವರೆಗೆ ಮಡಚಿದಳು. ಆ ಚಳಿಗೆ ರೋಮವೆಲ್ಲ ನೆಟ್ಟಗಾಯಿತು. ಇದರಲ್ಲಿ ಶಾರವನಿಗೆ ಬುದ್ಧಿ ಕಲಿಸುವ ಹಟವೂ ಸ್ವಲ್ಪ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಟಗರನ್ನು ಅಂಗಾತ ಮಾಡಿ ಮುಂಗಾಲುಗಳನ್ನು ಮೊಣಕಾಲಿನಡಿ ಒತ್ತಿ ಹಿಡಿದಳು. ನಾಲ್ಕು ಬೆರಳಗಲ ಅಳೆದು ಸೀಳಿದಳು. ಕೈ ಒಳಗೆ ಹೋಯಿತು.

ಇಷ್ಟು ಬಿಸಿ ಎಂದು ಅವಳಿಗೆ ಗೊತ್ತಿರಲಿಲ್ಲ. ಚಳಿಯಲ್ಲಿ ಮರಗಟ್ಟಿದ್ದ ಬೆರಳುಗಳು ಉರಿದವು. ತೆಳು ಪರದೆ ಬೆರಳ ತುದಿಗೆ ಸಿಕ್ಕಿತು, ತೂರಿದಳು. ಕಣ್ಣು ಮುಚ್ಚಿಕೊಂಡಳು, ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತಿತ್ತು. ಇದು ಶ್ವಾಸಕೋಶ, ಉಬ್ಬಿ ಇಳಿಯುತ್ತಿದೆ. ಇದು ಅನ್ನನಾಳ. ಇನ್ನೆರಡು ಬೆರಳಗಲ ಹಿಂದಕ್ಕೆ ಹೋದರೆ ಬೆನ್ನುಮೂಳೆ. ಅಷ್ಟರಲ್ಲಿ ಗುಂಡಿಗೆ ಅವಳ ಅಂಗೈಗೆ ಬಂದು ಬಡಿಯಿತು.

ನಲವತ್ತೆರಡು ವರ್ಷ ಅವಳ ಕೈಗೆ ಬಂದದ್ದೆಲ್ಲ ನಿಂತುಹೋದ ಗುಂಡಿಗೆಗಳು. ಇದು ಹಿಂಡಿಕೊಳ್ಳುತ್ತಿತ್ತು, ಸಡಿಲಾಗುತ್ತಿತ್ತು, ಹಿಂಡಿಕೊಳ್ಳುತ್ತಿತ್ತು. ಒಂದೊಂದು ಸಲ ಹಿಂಡಿದಾಗಲೂ ಇಡೀ ಗುಂಡಿಗೆ ಸ್ವಲ್ಪ ತಿರುಚಿಕೊಂಡು ಅವಳ ಅಂಗೈಗೆ ಒರಗುತ್ತಿತ್ತು. ಒಳಗೆ ಬಾಗಿಲು ಮುಚ್ಚಿಕೊಳ್ಳುವುದು ಕೂಡ ತಿಳಿಯುತ್ತಿತ್ತು. ಮೊದಲು ಒಂದು ಜೋಡಿ, ಹಿಂದೆಯೇ ಇನ್ನೊಂದು ಜೋಡಿ. ಲಬ್, ಡಬ್. ಈ ಸದ್ದು ಅವಳಿಗೆ ಗೊತ್ತು. ಗೊಂಚಿಗನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಅವಳು ನಿದ್ದೆ ಹೋಗುತ್ತಿದ್ದದ್ದು, ಮದುವೆಯಾದ ವಾರದಿಂದ ಕೊನೆಯ ರಾತ್ರಿಯವರೆಗೆ.

ಬೆರಳು ಬೆನ್ನುಮೂಳೆಯ ಕಡೆ ಹೋಗಬೇಕಿತ್ತು. ಹೋಗಲಿಲ್ಲ.

ಅವಳು ಹಾಗೇ ಹಿಡಿದುಕೊಂಡಳು. ಗಟ್ಟಿಯಾಗಿ ಅಲ್ಲ, ಹಕ್ಕಿಮರಿ ಹಿಡಿದ ಹಾಗೆ. ಎಂಟು ತಿಂಗಳಿಂದ ಖಾಲಿಯಿದ್ದ ಅಂಗೈ. ಎಷ್ಟು ಹೊತ್ತೋ ತಿಳಿಯಲಿಲ್ಲ. "ಇದೀಯಾ?" ಎಂದು ಯಾರೋ ಕೇಳಿದಂತಾಯಿತು. ಕೇಳಿದವಳು ತಾನೇ.

ಟಗರು ನರಳಿತು. ಅಂಗೈಯಲ್ಲಿ ಬಡಿತ ಒಮ್ಮೆಲೇ ಓಡತೊಡಗಿತು, ತಾಳ ತಪ್ಪಿ, ಹೆದರಿ. ಸೆವ್‌ಜಿದ್ ಕಣ್ಣು ಬಿಟ್ಟಳು. ಆ ಪ್ರಾಣಿ ಅವಳನ್ನೇ ನೋಡುತ್ತಿತ್ತು. ಬೆಂಕಿ ಮುಟ್ಟಿದವಳಂತೆ ಬೆರಳನ್ನು ಹಿಂದಕ್ಕೆ ಚಾಚಿ, ನಾಳಕ್ಕೆ ಕೊಂಡಿ ಹಾಕಿ, ಇದ್ದ ಬಲವೆಲ್ಲ ಹಾಕಿ ಜಗ್ಗಿದಳು. ಬಿಸಿ ರಕ್ತ ಮೊಣಕೈವರೆಗೆ ಸುತ್ತಿಕೊಂಡಿತು. ತಳ್ಳಲು ಏನೂ ಉಳಿಯದ ಗುಂಡಿಗೆ ಇನ್ನೂ ನಾಲ್ಕು ಸಲ ಬರಿದೇ ಹಿಂಡಿಕೊಂಡು, ನಡುಗಿ, ನಿಂತಿತು. ಟಗರಿನ ಕಣ್ಣು ಅದಕ್ಕೂ ಮೊದಲೇ ಮಂಜಾಗಿತ್ತು.

ಅವಳು ಹಿಮದ ಮೇಲೆ ಕುಸಿದು ಕೂತು ಅತ್ತಳು. ಕೊಂದದ್ದಕ್ಕಲ್ಲ, ಕೊಲ್ಲದೆ ಆ ನಾಡಿನಲ್ಲಿ ಬದುಕಿಲ್ಲ. ತಡಮಾಡಿದ್ದಕ್ಕೆ. ಬೇಗ ಮುಗಿಸುವುದೊಂದೇ ಆ ಕೈ ಕುರಿಗೆ ತೋರಿಸಬಹುದಾದ ಕರುಣೆ. ವಿಮೆಯವನು ತಡಮಾಡಿದ್ದು ಗೊತ್ತಿಲ್ಲದೆ. ಇವಳು ಎಲ್ಲ ಗೊತ್ತಿದ್ದು ತಡಮಾಡಿದಳು, ನೋವಿನಲ್ಲಿದ್ದ ಒಂದು ಜೀವವನ್ನು ತನಗೆ ಜೊತೆ ಬೇಕೆಂದು ಹಿಡಿದಿಟ್ಟುಕೊಂಡಳು. ನಾಚಿಕೆಯಿಂದ ಅವಳ ಮುಖ ಸುಟ್ಟಿತು. ನೋಡುವವರು ಒಬ್ಬರೂ ಇರಲಿಲ್ಲ ಎನ್ನುವುದೂ ಸಮಾಧಾನ ಕೊಡಲಿಲ್ಲ. ಆಮೇಲೆ ಎದ್ದು, ರಕ್ತ ಹೆಪ್ಪಾಗುವ ಮೊದಲು ಸೌಟು ತಂದಳು.

ಮೂರನೆಯ ದಿನ ಶಾರವ್ ಎರಡು ಒಂಟೆ, ಒಂದು ಹೊರೆ ಹಗ್ಗ ತೆಗೆದುಕೊಂಡು ಬಂದ. ದೊಡ್ಡಿಯ ಗೋಡೆಯ ಮೇಲೆ ಚರ್ಮ ಒಣಗುತ್ತಿತ್ತು, ಗುಡಾರದೊಳಗೆ ಮಾಂಸ ತೂಗುತ್ತಿತ್ತು. ಅವನು ಚರ್ಮದ ಸೀಳಿಗೆ ಬೆರಳಿಟ್ಟು ಅಳೆದ. ನಾಲ್ಕು ಬೆರಳು.

"ಯಾರು ಬಂದಿದ್ರು?"

"ಯಾರೂ ಬರಲಿಲ್ಲ."

ಶಾರವ್ ಅವಳ ಮುಖ ನೋಡಿದ, ಕೈ ನೋಡಿದ. ಕೂತು, ಮುಂದಿಟ್ಟ ರಕ್ತದ ಕರುಳನ್ನು ಕುಯ್ದು ಬಾಯಿಗಿಟ್ಟುಕೊಂಡ. ತೂಗುಹಾಕಿದ ತೊಡೆಯನ್ನು ಬೆಳಕಿಗೆ ತಿರುಗಿಸಿ ನೋಡಿದ. ಹಿರಿಯರ ಮಾತು ಬಾಯಿಗೆ ಬಂದಿತ್ತೇನೋ, ಕರುಳಿನ ಜೊತೆ ನುಂಗಿಕೊಂಡ.

"ಒಂದು ಹನಿ ಮಾಂಸಕ್ಕೆ ಇಳಿದಿಲ್ಲ. ಅಣ್ಣನ ಕೈಯೇ ಇದು," ಅಂದ. ಬಾಯಿ ಒರೆಸಿಕೊಂಡು ಎದ್ದ. "ಸರಿ ಅತ್ತಿಗೆ, ನಾನು ಸೋತೆ. ಇನ್ನು ಗುಡಾರದ ಮಾತು ಎತ್ತಲ್ಲ. ಇದ್ದುಬಿಡಿ ಇಲ್ಲೇ. ಯಂಜ್ಮಾಗೂ ಹೇಳ್ತೀನಿ, ಬಾಯಿ ಮುಚ್ಕೊಂಡಿರು ಅಂತ."

ಗೆದ್ದಿದ್ದಳು. ಹಟ ಹಿಡಿದು ಕೇಳಿದ್ದೆಲ್ಲ ಸಿಕ್ಕಿತ್ತು. ಸೆವ್‌ಜಿದ್ ಒಲೆಯ ಬಾಯಿಗೆ ಒಣ ಸೆಗಣಿ ಹಾಕಿ, ಅಲ್ಲೇ ಕೂತು ಹೇಳಿದಳು:

"ಶಾರವ್, ಗುಡಾರ ಬಿಚ್ಚು."

"ಆಂ?"

"ನಾನು ತಡಮಾಡಿದೆ ಕಣೋ. ಗುಂಡಿಗೆ ಕೈಗೆ ಸಿಕ್ತು. ಬಿಡೋಕೆ ಮನಸ್ಸಾಗ್ಲಿಲ್ಲ. ಅದು ನರಳ್ತಾ ಇತ್ತು, ನಾನು ಹಿಡ್ಕೊಂಡೇ ಇದ್ದೆ. ಯಾರೋ ಇದಾರೆ ಅನ್ನಿಸ್ತು ನಂಗೆ. ಇಲ್ಲೇ ಇದ್ರೆ ಮುಂದಿನ ಕುರೀಗೂ ಹಾಗೇ ಮಾಡ್ತೀನಿ."

ಮೂವತ್ತು ವರ್ಷ ಕುರಿ ಕೆಡವಿದ ಶಾರವ್ ಹಗ್ಗದ ಸುರುಳಿ ಹಿಡಿದು ಬಾಗಿಲಲ್ಲೇ ನಿಂತ.

"ಬರ್ತೀನಿ ನಿಮ್ಮನೆಗೆ. ಆದ್ರೆ ಒಂದು ಮಾತು. ಬೇಸಿಗೇಲಿ ಮೂರು ವಾರ ಇದ್ದೆ. ಎಂಟು ಜನದಲ್ಲಿ ಒಬ್ರೂ ನನ್ನ ಜೊತೆ ಮಾತಾಡ್ಲಿಲ್ಲ."

"ಎಲ್ಲಿ ಅತ್ತಿಗೆ, ನಾವು ದಿನಾ..." ಎಂದು ಶುರುಮಾಡಿದ ಶಾರವ್ ಅಲ್ಲಿಗೇ ನಿಂತ. ತಾನು ಅವಳಿಗೆ ಆಡಿದ ಒಂದು ಮಾತು, ಒಂದೇ ಒಂದು, ನೆನಪಿಗೆ ತಂದುಕೊಳ್ಳಲು ನೋಡಿದ. ಅವನ ಕಿವಿ ಕೆಂಪಾಯಿತು.

"ಕೊಬ್ಬಿನ ತುಂಡು ಬೇಡ ನಂಗೆ. ದಿನಕ್ಕೊಂದ್ಸಲ ಯಾರಾದ್ರೂ ನನ್ನನ್ನ ಏನಾದ್ರೂ ಕೇಳ್ಬೇಕು."

ಹೊರಗೆ ಒಂಟೆ ಗೊರಕ್ ಎಂದಿತು. ಶಾರವ್ ಹಗ್ಗ ಕೆಳಗಿಟ್ಟ. ಒಳಗೆ ಬಂದು, ಅತಿಥಿಯ ಜಾಗದಲ್ಲಲ್ಲ, ಒಲೆಯ ಈಚೆ ಅವಳ ಎದುರಿಗೇ ಮಂಡಿಯೂರಿ ಕೂತ.

"ಎಷ್ಟು ಹೊತ್ತು ಹಿಡ್ಕೊಂಡಿದ್ರಿ ಅತ್ತಿಗೆ?" ಎಂದು ಕೇಳಿ, ಉತ್ತರಕ್ಕೆ ಕಾದ.